ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುವವಳಿಗೆ

ಪ್ರೀತಿಯ ತಂಗಿ,

ಗೆಳತಿಯ ಕ್ಯಾನ್ಸರ್ ಬಗ್ಗೆ ನೀನು ಬರೆದ ಹನ್ನೆರಡು ಪುಟ ಎರಡು ಸಲ ಓದಿದೆ. ಅವಳ ಪಕ್ಕದಲ್ಲಿ ಕೂತು ನಾಲ್ಕು ಕೀಮೋ ಮುಗಿಸಿದ್ದೀಯ, ಇನ್ನೂ ನಾಲ್ಕು ಬಾಕಿ ಇವೆ. ಇಷ್ಟು ಪುಟಗಳಲ್ಲಿ ಅವಳು ಬಾಯಿ ಬಿಟ್ಟಿರುವುದು ಎರಡೇ ಕಡೆ, ಎರಡೂ ಕಡೆ ದೇವರ ಚಿತ್ತ ನೆರವೇರಲಿ ಅಂತಲೇ. ಅಷ್ಟು ಹೊತ್ತು ಪಕ್ಕದಲ್ಲಿ ಕೂತವಳಿಗೆ ಬೇರೇನೂ ಕೇಳಿಸಲಿಲ್ಲವಾ?

ಬೇಜಾರು ಮಾಡಿಕೊಳ್ಳಬೇಡ. ಇದು ನಾನು ಮಾಡಿದ ತಪ್ಪೇ. ಗೆಳತಿಯೊಬ್ಬಳಿಗೆ ಸ್ತನ ಕ್ಯಾನ್ಸರ್ ಆಗಿದ್ದಾಗ ಅವಳ ಮೊದಲ ಕೀಮೋ ದಿನದ ಬಗ್ಗೆ ಒಂದು ಲೇಖನ ಬರೆದೆ. ತಿಳಿನೀರಿನಂಥ ಔಷಧ ಹನಿಹನಿಯಾಗಿ ಇಳಿಯಿತು, ಕೃಪೆಯ ಹಾಗೆ, ಅಂತೆಲ್ಲ ಇತ್ತು. ಅವಳು ಓದಿ ಹಾಳೆ ಮಡಚಿಟ್ಟು ಹೇಳಿದಳು: “ಅದು ಕೆಂಪಗಿತ್ತು ಕಣೇ. ನರ್ಸ್ ದಪ್ಪ ಸಿರಿಂಜಿನಲ್ಲಿ ತಂದು ನಿಧಾನಕ್ಕೆ ಒತ್ತಿದರು. ನೀನು ಆಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ.”

ಅದು ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧ. ಅದರ ಬಣ್ಣ ಒಂದೆರಡು ದಿನ ಮೂತ್ರದಲ್ಲೂ ಕಾಣುತ್ತದೆ. ಅವತ್ತು ಸಂಜೆ ಅದನ್ನು ರಕ್ತ ಅಂದುಕೊಂಡು ಅವಳು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿದ್ದಳಂತೆ. ನನ್ನ ಲೇಖನದಲ್ಲಿ ಅದೇ ಸಂಜೆ ಮನೆ ತುಂಬ ಸಮಾಧಾನ ನೆಲೆಸಿತ್ತು. ಅದನ್ನು ಹರಿದು ಹಾಕಿದೆ. ಅವತ್ತಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸುತ್ತೇನೆ.

ನೀನೂ ನೋಡು. ಕೀಮೋಗೆ ಅದರದೇ ಪಂಚಾಂಗ ಇರುತ್ತದೆ. ಎಷ್ಟೋ ಚಿಕಿತ್ಸೆಗಳಲ್ಲಿ ಒಂದು ಸುತ್ತು ಅಂದರೆ 21 ದಿನ. ಜೊತೆಗೆ ಕೊಡುವ ಸ್ಟೀರಾಯ್ಡಿನಿಂದ ಮೊದಲ ಒಂದೆರಡು ರಾತ್ರಿ ನಿದ್ದೆ ಸುಳಿಯುವುದಿಲ್ಲ, ಆಮೇಲೆ ಮೈ ಕುಸಿಯುತ್ತದೆ. ಸುಮಾರು 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. (ಇದು ಬರಹಕ್ಕೆ ಹೇಳಿದ ಮಾತಲ್ಲ, ಗೋಡೆಗೆ ಅಂಟಿಸಿಕೋ.) ಮೂರನೇ ವಾರ ಅವಳು ಮತ್ತೆ ಅವಳಾಗುತ್ತಾಳೆ, ತಮಾಷೆ ಮಾಡುತ್ತಾಳೆ. ಅಷ್ಟರಲ್ಲಿ ಮುಂದಿನ ಸುತ್ತು ಬಂದಿರುತ್ತದೆ. ನಿನ್ನ ಬರಹದಲ್ಲಿ ಮಾತ್ರ ಎಲ್ಲ ದಿನವೂ ಒಂದೇ ದಿನ.

ಬೇಗ ಬೇಗ ಬೆಳೆಯುವ ಕಣ ಸಿಕ್ಕಲ್ಲೆಲ್ಲ ಈ ಔಷಧ ಹೊಡೆಯುತ್ತದೆ. ಕ್ಯಾನ್ಸರ್ ಕಣ, ಕೂದಲ ಬುಡ, ಬಾಯಿಯ ಒಳಪದರ, ಅದಕ್ಕೆ ಭೇದವಿಲ್ಲ. ಹಾಗಾಗಿ ಚರ್ಚಿನಲ್ಲಿ ಕರ್ತನ ಭೋಜನದ ಹೊತ್ತಿಗೆ ಕೊಟ್ಟ ದ್ರಾಕ್ಷಾರಸ ನನ್ನ ಗೆಳತಿಯ ಬಾಯಿಹುಣ್ಣಿಗೆ ಚುರ್ ಅಂದಿತ್ತು. ಕಣ್ಣಲ್ಲಿ ನೀರು ಬಂತು. ಪಕ್ಕದವರು ಅದನ್ನು ಭಕ್ತಿ ಅಂದುಕೊಂಡರು. ಅವಳು ನನ್ನ ಕಡೆ ತಿರುಗಿ ನಗು ತಡೆದುಕೊಂಡಳು. ನಾನು ಬರೆದ ಯಾವ ಪ್ರಸಂಗಕ್ಕಿಂತಲೂ ಆ ಗಳಿಗೆಯಲ್ಲಿ ಹೆಚ್ಚು ದೇವರಿದ್ದ ಅನ್ನಿಸುತ್ತದೆ. ಯಾಕೆ ಅಂತ ವಿವರಿಸಲು ಹೊರಟರೆ ಕೆಟ್ಟುಹೋಗುತ್ತದೆ.

ಈಗ ನಿನ್ನ ಒಂಬತ್ತನೇ ಪುಟ. ಈ ಕಾಯಿಲೆ ಯಾಕೆ ಬಂತು, ದೇವರು ಇದರಿಂದ ಏನು ಕಲಿಸುತ್ತಿದ್ದಾನೆ ಅಂತ ಉದ್ದಕ್ಕೆ ಬರೆದಿದ್ದೀಯ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳುವ ಯೋಬನ ಸ್ನೇಹಿತರನ್ನು ನೆನೆಸಿಕೋ. ಅವನ ಪುಸ್ತಕದ ಎರಡನೇ ಅಧ್ಯಾಯದ ಕೊನೆಯಲ್ಲಿ ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಸ್ನೇಹಿತರಿಲ್ಲ. ಅವರಲ್ಲೊಬ್ಬ ಎಲೀಫಜ ಬಾಯಿ ತೆರೆದ, ಕಾರಣ ಹೇಳಲು ಶುರುಮಾಡಿದ, ಅಲ್ಲಿಂದ ಎಲ್ಲ ಹಾಳು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಕೋಪಗೊಳ್ಳುವುದು ಇವರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಅನ್ನುತ್ತಾನೆ, ಅಷ್ಟು ಕೂಗಾಡಿದ ಯೋಬ! ನಿನ್ನ ಒಂಬತ್ತನೇ ಪುಟ ಎಲೀಫಜ ಬರೆದದ್ದು. ತೆಗೆದುಬಿಡು.

ಪ್ರತಿ ಅಧ್ಯಾಯದ ಕೊನೆಗೂ ದೀಪ ಹಚ್ಚಲೇಬೇಕೆಂದಿಲ್ಲ. ಬೈಬಲಿನ 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲನ್ನು ಕೊನೆಗೆ ಜೋಡಿಸೋಣ ಅಂತ ಯಾರೂ ಕೈ ಹಾಕಲಿಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಸಮಾಧಿಗೆ ಹೋಗುವ ಮೊದಲು ಕಣ್ಣೀರಿಟ್ಟ. ನಿನ್ನ ಪುಟಗಳಲ್ಲಿ ಯಾರೂ ಅತ್ತೇ ಇಲ್ಲವಲ್ಲ.

‘ಹೋರಾಟ’, ‘ಗೆಲುವು’ ಅನ್ನುವ ಪದಗಳನ್ನೂ ಹೊಡೆದುಹಾಕು. ನಾಳೆ ಕಾಯಿಲೆ ಮರುಕಳಿಸಿದರೆ ಅವಳ ನಂಬಿಕೆ ಸೋತಿತು ಅಂತ ಓದುಗರು ಲೆಕ್ಕ ಹಾಕುತ್ತಾರೆ.

ಪ್ರಕಟಿಸುವ ಮೊದಲು ಅವಳಿಗೆ ಓದಿ ಹೇಳು, ಮೂರನೇ ವಾರದಲ್ಲಿ. ಅವಳು ಬೇಡ ಅಂದ ಸಾಲನ್ನು ವಾದ ಮಾಡದೆ ಬಿಟ್ಟುಬಿಡು, ಅದು ನಿನಗೆ ಎಷ್ಟೇ ಇಷ್ಟದ್ದಾಗಿರಲಿ. ದೇಹ ಅವಳದು.

ಮುಂದಿನ ನಾಲ್ಕು ಸುತ್ತಿಗೆ ಪಾಕ್ಲಿಟಾಕ್ಸೆಲ್ ಅನ್ನುವ ಇನ್ನೊಂದು ಔಷಧ ಅಂದಿದ್ದೀಯ. ಅದರಿಂದ ಕೆಲವರಿಗೆ ಬೆರಳ ತುದಿ ಮರಗಟ್ಟುತ್ತದೆ. ಅವಳು ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡಿದರೆ ‘ನಿಶ್ಶಕ್ತಿ’ ಅಂತ ಬರೆಯಬೇಡ, ಗುಂಡಿಯನ್ನೇ ಬರೆ. ಹಾಕಿಕೊಡಲಾ ಅಂತ ಮೊದಲು ಕೇಳು.

ಐದನೆಯದಕ್ಕೆ ಹೋಗುವಾಗ ನೋಟ್‌ಬುಕ್ ಮನೆಯಲ್ಲೇ ಬಿಡು. ಕೀಮೋ ಕೊಡುವ ಕೋಣೆ ತಣ್ಣಗಿರುತ್ತದೆ, ಎರಡು ಜೊತೆ ಕಾಲುಚೀಲ ತಗೊಂಡು ಹೋಗು.

ಪ್ರಾರ್ಥನೆಯಲ್ಲಿ ನಿಮ್ಮಿಬ್ಬರನ್ನೂ ನೆನೆಯುವ,
ನಿನ್ನ ಅಕ್ಕ