ಕಲ್ಲುಮನೆಯ ವಿಚಾರವಾಗಿ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ತಂದೆಯ ಆಶೀರ್ವಾದಗಳು.

ಚಿತ್ರದುರ್ಗದ ನಮ್ಮ ಕಲ್ಲುಮನೆಗೆ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಕೆಂದಿರುವುದಾಗಿ ಬರೆದಿದ್ದೀಯೆ. ಮನೆ ಇನ್ನು ಮುಂದೆ ನಿನ್ನದೇ; ಆದರೂ ಕೆಲಸ ಹಿಡಿಸುವ ಮೊದಲು ಆ ಗೋಡೆಯೊಳಗೆ ಏನಿದೆ, ಮನೆ ಯಾರ ಯಾರ ಕೈದಾಟಿ ನಮಗೆ ಬಂತು ಎಂಬುದು ನಿನಗೆ ತಿಳಿದಿರಲಿ ಎಂದು ನನ್ನ ಆಸೆ.

ಹೊರಗಿನಿಂದ ಪೂರಾ ಕಲ್ಲಿನದೆಂದು ಕಾಣುವ ಆ ಗೋಡೆಯನ್ನು, ಎರಡು ಸಾಲು ಕಲ್ಲುಗಳ ನಡುವೆ ಮಣ್ಣನ್ನೂ ಚಕ್ಕೆಗಲ್ಲನ್ನೂ ತುಂಬಿ, ಎರಡೂ ಮುಖಗಳನ್ನು ಬಿಗಿಹಿಡಿಯುವಂತೆ ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲುಗಳನ್ನು ಕೂರಿಸಿ ಎಬ್ಬಿಸಿದ್ದಾರೆ. ನೆಲದ ತೇವ ಈ ಮಣ್ಣಿಗೆ ಏರಿ, ಕಲ್ಲಿನ ಸಂದುಗಳಿಂದ ಆರಿಹೋಗುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಯಾಗುವುದಿಲ್ಲ, ಸಿಮೆಂಟ್ ಆಗುತ್ತದೆ; ತೇವ ಒಳಗೇ ನಿಂತು ಮಣ್ಣು ಮೆತ್ತಗಾದರೆ ಗೋಡೆ ಹೊಟ್ಟೆ ಬಿಡುತ್ತದೆ. ಮಣ್ಣೆಂದು ತಾತ್ಸಾರ ಮಾಡಬೇಡ: ಬೆಟ್ಟದ ಸುತ್ತ ಕಲ್ಲಿನ ಕೋಟೆ ಬೆಳೆಸಿದ ನಾಯಕರೇ ಮೇಲಿನ ಅರಮನೆಗೆ ಮಣ್ಣಿನ ದಪ್ಪ ಗೋಡೆಗಳನ್ನು ಹಾಕಿಸಿದ್ದರು, ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ತಲೆಬಾಗಿಲ ಬಲಗಡೆಯ ಕಲ್ಲಿನ ಅಂಚಿನಲ್ಲಿ ಬೆರಳು ತೂರುವಷ್ಟು ಕುಳಿಗಳ ಸಾಲೊಂದಿದೆ. ಬಂಡೆಯನ್ನು ಸೀಳಲು ಬೆಣೆ ಬಡಿದ ಗುರುತು ಅದು. ಕೋಟೆಯ ಬಂಡೆಗಳ ಮೇಲೂ ಇಂಥವೇ ಸಾಲುಗಳನ್ನು ನೋಡಬಹುದು. ಅದನ್ನಂತೂ ಯಾವ ಕಾರಣಕ್ಕೂ ಮುಚ್ಚಿಸಬೇಡ.

ಕೇರಿಯ ಹಿರಿಯರು ಇದನ್ನು ನಾಯಕರ ಕಾಲದ ಮನೆ ಎನ್ನುವುದುಂಟು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದುಕೊಂಡದ್ದಕ್ಕೂ ಹಿಂದಿನದೆಂಬ ಆ ಹೆಮ್ಮೆ ನನಗೂ ಇಷ್ಟವೇ, ಆದರೆ ನಾನು ನಂಬುವುದು ಪೆಟ್ಟಿಗೆಯಲ್ಲಿರುವ ಕ್ರಯಪತ್ರಗಳನ್ನು, ಮತ್ತು ಅವು ಇದನ್ನು ಕಟ್ಟಿಸಿದವರು ಹತ್ತಿ ವ್ಯಾಪಾರಿಯೆಂದು ಹೇಳುತ್ತವೆ. ಪಡಸಾಲೆ ಅಷ್ಟು ಅಗಲವಾಗಿರುವುದು, ತಲೆಬಾಗಿಲು ಉಳಿದ ಬಾಗಿಲುಗಳಿಗಿಂತ ಎತ್ತರವಾಗಿರುವುದು ಹತ್ತಿಯ ಅಂಡಿಗೆಗಳನ್ನು ಹೊತ್ತವರು ಬಗ್ಗದೆ ಒಳಬರಲೆಂದೇ. ಅವರಿಂದ ಕೊಂಡವರು ಶಾಲೆಯ ಮೇಷ್ಟರು. ಪಾಠಕ್ಕೆ ಬರುವ ಮಕ್ಕಳಿಗೆ ಬೆಳಕು ಸಾಲದೆಂದು ಉತ್ತರದ ಗೋಡೆಯಲ್ಲಿ ಕಿಟಕಿ ತೆಗೆಸಿದವರು ಅವರೇ. ಮೇಲೆ ಕಲ್ಲಿನ ತೊಲೆ ಕೊಟ್ಟು ಅದನ್ನು ಎಷ್ಟು ಚೊಕ್ಕವಾಗಿ ಮಾಡಿಸಿದ್ದಾರೆಂದರೆ, ಇಂದಿಗೂ ಅಲ್ಲೊಂದು ಬಿರುಕಿಲ್ಲ. ಮೇಷ್ಟರ ಮಕ್ಕಳಿಂದ ನಿನ್ನ ಅಜ್ಜ ಕೊಂಡುಕೊಂಡರು.

ಮೊದಲು ಆಗಬೇಕಾದದ್ದು ಮಾಳಿಗೆಯ ಕೆಲಸ. ಮುಂಗಾರಿಗೆ ಮುಂಚೆ ಜಂತೆಗಳನ್ನು ಪರೀಕ್ಷಿಸಿ, ಮೇಲಿನ ಹಳೆಯ ಮಣ್ಣು ತೆಗೆಸಿ ಹೊಸದನ್ನು ಬಡಿಸಿ, ನೀರು ಹೋಗುವ ದೋಣಿಗಳನ್ನು ಸರಿಪಡಿಸಬೇಕು. ಗೋಡೆಗೆ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯೇ ಬೇಕು, ಒಬ್ಬರನ್ನು ವಿಚಾರಿಸಿಟ್ಟಿದ್ದೇನೆ. ನೀನು ಬರುವ ದಿನ ತಿಳಿಸಿದರೆ ಅವರನ್ನೂ ಮನೆಗೆ ಕರೆಸುತ್ತೇನೆ. ಕ್ರಯಪತ್ರಗಳ ನಕಲುಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಇಂತು ನಿನ್ನ ತಂದೆ