ಯೇಸುವಿನ ಕಥೆಯಲ್ಲಿ ರೋಮ್ ಎಲ್ಲಿ ಹೋಯ್ತು?

ಸಂಪಾದಕರೇ,

ಗುಡ್ ಫ್ರೈಡೇ ದಿನ ನಿಮ್ಮ ಪುರವಣಿಲಿ ಬಂದ ಲೇಖನ ಓದ್ದೆ. ಭಾಷೆ ಚೆನ್ನಾಗಿದೆ, ಆದ್ರೆ ಯೆಹೂದಿಗಳು ಯೇಸುವನ್ನ ಕೊಂದ್ರು ಅಂತ ಒಂದೇ ಸಾಲಲ್ಲಿ ತೀರ್ಪು ಕೊಟ್ಟು ಮುಗಿಸಿಬಿಟ್ಟಿದ್ದು ಸರಿ ಅನ್ನಿಸ್ಲಿಲ್ಲ. ಯೇಸುನೂ ಯೆಹೂದಿ, ಶಿಷ್ಯರೂ ಯೆಹೂದಿಗಳು, ಅದು ಬಿಡಿ. ಅಷ್ಟುದ್ದದ ಲೇಖನದಲ್ಲಿ ರೋಮ್ ಸಾಮ್ರಾಜ್ಯದ ಸುದ್ದಿನೇ ಇಲ್ವಲ್ಲ!

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಯೆಹೂದಿಗಳ ಪವಿತ್ರ ನಗರ ಜೆರುಸಲೇಂ ಹಿಡಿದು, ವರ್ಷಕ್ಕೊಂದೇ ದಿನ ಮಹಾಯಾಜಕ ಒಬ್ಬನೇ ಕಾಲಿಡ್ತಿದ್ದ ದೇವಾಲಯದ ಗರ್ಭಗುಡಿಗೇ ನುಗ್ಗಿದ, ಆವತ್ತಿಂದ ಆ ನಾಡು ರೋಮ್ ಹೇಳ್ದಂಗೆ ಕೇಳ್ಬೇಕಾಯ್ತು. ಹೆರೋದನನ್ನ ರಾಜ ಅಂತ ಮಾಡಿದ್ದೂ ರೋಮಿನ ಸೆನೆಟ್ಟೇ. ಅವನ ಮಗನನ್ನ ಕ್ರಿ.ಶ. 6ರಲ್ಲಿ ಕಿತ್ತುಹಾಕಿ ಜೆರುಸಲೇಂ ಇರೋ ಯೂದಾಯ ಪ್ರಾಂತ್ಯಕ್ಕೆ ನೇರವಾಗಿ ರೋಮನ್ ಅಧಿಕಾರಿನ ಕಳ್ಸಿದ್ರು, ತೆರಿಗೆ ಲೆಕ್ಕಕ್ಕೆ ಜನಗಣತಿ ಶುರುವಾಯ್ತು, ಅದಕ್ಕೆ ಗಲಿಲಾಯದ ಯೂದ ಅನ್ನೋನು ದಂಗೆ ಎಬ್ಬಿಸ್ದ.

ಇನ್ನು ಕಾಯಫ. ಯೇಸುವನ್ನ ಹಿಡ್ಕೊಟ್ಟ ಮಹಾಯಾಜಕ ಅಂತ ಬರ್ದಿದ್ದೀರಿ, ಒಪ್ಪೋಣ, ಆದ್ರೆ ಅವನಿಗೆ ಆ ಕುರ್ಚಿ ಕೊಟ್ಟೋರು ಯಾರು? ಯೇಸುವಿಗೆ ಶಿಲುಬೆ ಶಿಕ್ಷೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನಿಗಿಂತ ಮುಂಚೆ ಅದೇ ಹುದ್ದೆಲಿದ್ದ ಗ್ರಾತುಸ್ ಅನ್ನೋನು. ಮಹಾಯಾಜಕ ಹಬ್ಬಕ್ಕೆ ತೊಡೋ ಉಡುಪು ಕೂಡ ಅಂಟೋನಿಯಾ ಕೋಟೆಲಿ ರೋಮನ್ನರ ವಶದಲ್ಲೇ ಇರ್ತಿತ್ತು, ಹಬ್ಬ ಬಂದ್ರೆ ಇಸ್ಕೋಬೇಕು, ಮುಗಿದ್ಮೇಲೆ ವಾಪಸ್ ಕೊಡ್ಬೇಕು, ಅರ್ಚಕರ ಮಡಿಬಟ್ಟೆನ ಪೊಲೀಸ್ ಸ್ಟೇಷನ್ನಲ್ಲಿ ಇಟ್ಟಂಗೆ! ಪಿಲಾತ ಇದ್ದಷ್ಟೂ ವರ್ಷ ಕಾಯಫನೇ ಮಹಾಯಾಜಕ ಆಗಿ ಮುಂದುವರಿದ, ಇಬ್ಬರ ಮಧ್ಯೆ ಹೊಂದಾಣಿಕೆ ಎಷ್ಟಿತ್ತು ಅಂತ ನೀವೇ ಊಹಿಸ್ಕೊಳ್ಳಿ.

ಪಸ್ಕ ಅಂದ್ರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ ಆದ ಹಬ್ಬ, ಊರ ತುಂಬ ಯಾತ್ರಿಕರು, ರೋಮ್ ಸರ್ಕಾರಕ್ಕೆ ಇದಕ್ಕಿಂತ ದೊಡ್ಡ ತಲೆನೋವು ಬೇಕಾ? ಮಾಮೂಲಿ ಸಮುದ್ರದ ಪಕ್ಕದ ಕೈಸರೈಯದಲ್ಲಿ ಇರ್ತಿದ್ದ ಅಧಿಕಾರಿ ಹಬ್ಬಕ್ಕೆ ಸೈನ್ಯ ಸಮೇತ ಜೆರುಸಲೇಮಿಗೆ ಬರ್ತಿದ್ದ. ಶಿಲುಬೆ ರೋಮನ್ನರ ಶಿಕ್ಷೆ, ದಂಗೆಕೋರರಿಗೂ ಗುಲಾಮರಿಗೂ ಕೊಡ್ತಿದ್ದಿದ್ದು. ಯೇಸುವಿನ ತಲೆ ಮೇಲೆ ಬರೆಸಿ ಹಾಕಿದ್ದೂ ಯೆಹೂದ್ಯರ ಅರಸ ಅಂತ, ಅಂದ್ರೆ ಆರೋಪ ರಾಜಕೀಯದ್ದೇ.

ಕೈತೊಳ್ಕೊಂಡ ಪಾಪದ ಪಿಲಾತ ಅಂತ ನಿಮ್ಮ ಲೇಖಕರು ಮರುಗಿದ್ದಾರೆ. ದೇವಾಲಯದ ದುಡ್ಡು ತಗೊಂಡು ನೀರಿನ ಕಾಲುವೆ ಕಟ್ಟಿಸಿ, ಪ್ರಶ್ನೆ ಮಾಡಿದ ಜನರ ಮಧ್ಯಕ್ಕೆ ಮಾರುವೇಷದ ಸೈನಿಕರನ್ನ ಬಿಟ್ಟು ದೊಣ್ಣೆಲಿ ಹೊಡ್ಸಿದೋನು ಅವನು ಅಂತ ಆ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೀತಾನೆ. ಆಮೇಲೆ ಸಮಾರ್ಯದವರನ್ನ ಕೊಲ್ಸಿದ ದೂರಿನ ಮೇಲೆ ಅವನನ್ನ ರೋಮಿಗೆ ವಾಪಸ್ ಕಳ್ಸಿದ್ರು.

ಯೇಸುವಿನ ಜೀವನ ಹೇಳೋ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಪಿಲಾತ ಮೆತ್ತಗೆ ಕಾಣ್ತಾನಲ್ಲ ಅಂತೀರಾ, ಅವನ್ನ ಯಾವಾಗ ಬರೆದಿದ್ದು ನೋಡಿ. ಮಾರ್ಕನದ್ದು 70ರ ಆಸುಪಾಸು, ಉಳಿದ ಮೂರು ಇನ್ನೂ ಆಮೇಲೆ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. 70ರಲ್ಲಿ ರೋಮಿನ ಸೇನಾಪತಿ ಟೈಟಸ್‌ನ ಸೈನ್ಯ ದೇವಾಲಯ ಸುಟ್ಟಿತ್ತು, ಜೆರುಸಲೇಮಿಗೆ ಕಳಿಸ್ತಿದ್ದ ಕಾಣಿಕೆ ಬದಲು ರೋಮಿನ ಜೂಪಿಟರ್ ಗುಡಿಗೆ ತೆರಿಗೆ ಕಟ್ಟಿ ಅಂತ ಯೆಹೂದಿಗಳ ಮೇಲೆ ಹೇರಿದ್ರು. ಅಂಥ ಟೈಮಲ್ಲಿ ರೋಮ್ ಆಳ್ವಿಕೆಯಲ್ಲೇ ಬದುಕಬೇಕಾದ ಕ್ರೈಸ್ತರಿಗೆ ರೋಮನ್ ಅಧಿಕಾರಿನ ನೇರವಾಗಿ ಬೈಯ್ಯೋದು ಸುಲಭ ಇರ್ಲಿಲ್ಲ ಅನ್ನೋದು ನನ್ನ ಅನಿಸಿಕೆ, ಜೊತೆಗೆ ಯೆಹೂದಿಗಳ ಪ್ರಾರ್ಥನಾ ಸಭಾಮಂದಿರದವರ ಹತ್ರ ಜಗಳನೂ ಇತ್ತು.

ಯೆಹೂದಿಗಳು ಯೇಸುವನ್ನ ಕೊಂದ್ರು ಅನ್ನೋ ಆ ಒಂದು ಸಾಲಿಂದ ಯುರೋಪಿನ ಯೆಹೂದಿಗಳು ಶತಮಾನಗಟ್ಟಲೆ ಒದೆ ತಿಂದ್ರು. ಆವತ್ತಿನ ಎಲ್ಲ ಯೆಹೂದಿಗಳ ಮೇಲೂ ಇವತ್ತಿನವರ ಮೇಲೂ ಈ ಆರೋಪ ಹೊರಿಸೋಕಾಗಲ್ಲ ಅಂತ ವ್ಯಾಟಿಕನ್ನೇ 1965ರಲ್ಲಿ ಹೇಳಿದೆ. ಮುಂದಿನ ವಾರದ ಪುರವಣಿಲಿ ಒಂದು ಸ್ಪಷ್ಟನೆ ಹಾಕಿ ಸಾರ್.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ