ಕೊಳವೆ ಮಬ್ಬಾದರೆ ಕಾಯಿಲೆ ಎಂದರ್ಥವಲ್ಲ

ಮಾನ್ಯ ಸಂಪಾದಕರೇ,

2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಅಭಿಯಾನವು 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತ್ತು. ನಮ್ಮಲ್ಲಿ ಮೈಸೂರು, ಕೊಡಗಿನ ಹಾಡಿಗಳಿಗೂ ಚಾಮರಾಜನಗರದ ಸೋಲಿಗರ ಪೋಡುಗಳಿಗೂ ಇದು ತೀರಾ ಬೇಕಾದ ಕೆಲಸ. ಆದರೆ ಶಿಬಿರದಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆಯೊಂದನ್ನೇ ನಂಬಿ ಯಾರ ಕಾರ್ಡಿನ ಮೇಲೂ ‘ಕಾಯಿಲೆ ಇದೆ’ ಎಂದು ಬರೆಯಬಾರದು.

ಸಾಮಾನ್ಯವಾಗಿ 2 ಮಿ.ಲೀ. ರಿಯೇಜೆಂಟಿಗೆ (ಪರೀಕ್ಷಾ ದ್ರಾವಣಕ್ಕೆ) 20 ಮೈಕ್ರೋಲೀಟರ್ ರಕ್ತ ಬೆರೆಸಿ, 5 ನಿಮಿಷ ಬಿಟ್ಟು, ಕೊಳವೆಯ ಹಿಂದೆ ಕಪ್ಪು ಗೆರೆಗಳ ಕಾರ್ಡು ಹಿಡಿಯುತ್ತಾರೆ. ಗೆರೆ ಕಂಡರೆ ನೆಗೆಟಿವ್, ಮಬ್ಬಿನಲ್ಲಿ ಮುಚ್ಚಿಹೋದರೆ ಪಾಸಿಟಿವ್. ರಿಯೇಜೆಂಟಿನಲ್ಲಿರುವ ಡೈಥಯೋನೈಟ್ ಎಂಬ ರಾಸಾಯನಿಕ ಆಮ್ಲಜನಕವನ್ನು ಕಿತ್ತುಕೊಂಡಾಗ ಈ ಕಾಯಿಲೆಗೆ ಕಾರಣವಾದ ದೋಷಯುಕ್ತ ಹಿಮೋಗ್ಲೋಬಿನ್ ಎಸ್ ಕರಗದೆ ಉಳಿಯುತ್ತದೆ, ಮಬ್ಬು ಅದರದ್ದೇ. ಅಪ್ಪ ಅಥವಾ ಅಮ್ಮ ಒಬ್ಬರಿಂದಷ್ಟೇ ದೋಷ ಪಡೆದ ವಾಹಕರ ರಕ್ತವೂ ಮಬ್ಬಾಗುತ್ತದೆ, ಇಬ್ಬರಿಂದಲೂ ಪಡೆದ ರೋಗಿಯದೂ ಮಬ್ಬಾಗುತ್ತದೆ. ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ, ಅವರಿಗೆ ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧ ಬೇಕಿಲ್ಲ. ಅಂಥವರನ್ನು ರೋಗಿಯೆಂದು ಬರೆದರೆ ಮೊದಲು ಮುರಿಯುವುದು ಮದುವೆಯ ಮಾತುಕತೆ.

ನೆಗೆಟಿವ್ ಬಂದರೂ ನಿಶ್ಚಿಂತೆಯಿಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನೇ ಹೆಚ್ಚಿರುವುದರಿಂದ ಕಾಯಿಲೆ ಇದ್ದರೂ ಕೊಳವೆ ತಿಳಿಯಾಗಿಯೇ ಇರಬಹುದು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಇಳಿದವರಲ್ಲೂ ಹೀಗಾಗುತ್ತದೆ, ಅವರಿಗೆ ರಕ್ತವನ್ನು 40 ಮೈಕ್ರೋಲೀಟರ್‌ಗೆ ಏರಿಸಿ ಮತ್ತೊಮ್ಮೆ ನೋಡಬೇಕು. ಡೈಥಯೋನೈಟ್ ಗಾಳಿ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ಜೀಪಿನಲ್ಲಿ ಇಡೀ ದಿನ ಬಿಸಿಲುಂಡ ಬಾಟಲಿ ಸುಳ್ಳು ನೆಗೆಟಿವ್‌ಗಳನ್ನೇ ಕೊಟ್ಟೀತು. ಫ್ರಿಜ್‌ನಿಂದ ತೆಗೆದದ್ದನ್ನು ಕೋಣೆಯ ತಾಪಮಾನಕ್ಕೆ ತಂದ ಮೇಲೆಯೇ ಬಳಸಬೇಕು. ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ರಕ್ತವನ್ನು ದಿನದ ಮೊದಲಿಗೆ ಹಾಕಿ ನೋಡದೆ ಶಿಬಿರ ಆರಂಭಿಸಲೇಬಾರದು. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಪಾಸಿಟಿವ್ ಬಂದವರಿಂದ, ಸಂಶಯವಿರುವ ಕೂಸುಗಳಿಂದಲೂ, ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ) ಪರೀಕ್ಷೆಗೆ 2 ಮಿ.ಲೀ. ರಕ್ತವನ್ನು ಇಡಿಟಿಎ (ರಕ್ತ ಗರಣೆಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ ತೆಗೆದು, ಕುಲುಕದೆ 8–10 ಸಲ ಮೆಲ್ಲಗೆ ಮಗುಚಿ, 2ರಿಂದ 8 ಡಿಗ್ರಿಯಲ್ಲಿ ಕಳುಹಿಸಬೇಕು. ಐಸ್ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗಿ ರಕ್ತ ಮಂಜುಗಟ್ಟಿದರೆ ಕಣಗಳು ಒಡೆದುಹೋಗುತ್ತವೆ. ವರದಿಯಲ್ಲಿ ಹಿಮೋಗ್ಲೋಬಿನ್ ಎಸ್‌ಗಿಂತ ಎ (ಸಹಜ ಹಿಮೋಗ್ಲೋಬಿನ್) ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕ. ಎ ಇಲ್ಲವೇ ಇಲ್ಲ, ಎಸ್‌ದೇ ಮೇಲುಗೈ ಎಂದಾದರೆ ರೋಗಿ. ಎರಡೂ ಇದ್ದು ಎಸ್ ಹೆಚ್ಚಿದ್ದರೆ ಜೊತೆಗೆ ಬೀಟಾ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದೋಷ ಇರಬಹುದು, ಆಗ ಅಪ್ಪ–ಅಮ್ಮನ ರಕ್ತವನ್ನೂ ನೋಡಬೇಕು. ಈಚೆಗೆ ರಕ್ತ ಹಾಕಿಸಿಕೊಂಡವರ ವರದಿಯಲ್ಲಿ ದಾನಿಯ ಎ ಸೇರಿಕೊಂಡು ರೋಗಿಯೂ ವಾಹಕನಂತೆ ಕಾಣುತ್ತಾನೆ; ಕನಿಷ್ಠ ಮೂರು ತಿಂಗಳು ಕಾದು ಮತ್ತೆ ಮಾಡಿಸಬೇಕು.

ಕಾರ್ಡಿನಲ್ಲಿ ಪರೀಕ್ಷೆಯ ಹೆಸರು, ದಿನಾಂಕ, ಎ ಮತ್ತು ಎಸ್ ಪ್ರಮಾಣ, ಕೊನೆಯ ಬಾರಿ ರಕ್ತ ಹಾಕಿಸಿಕೊಂಡ ದಿನ ಇಷ್ಟಕ್ಕೂ ಜಾಗ ಬಿಡಿ. ಎಚ್‌ಪಿಎಲ್‌ಸಿ ವರದಿ ಕೈಸೇರುವವರೆಗೆ ‘ಫಲಿತಾಂಶ’ದ ಅಂಕಣ ಖಾಲಿಯೇ ಇರಲಿ.

— ರಕ್ತಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞರು, ಮೈಸೂರು